ಸ್ಥಳದ ಕಾಲಂ

ನಾನು ಪುಣೇದಾಗ ಗಿಡ ಹೊಲಿಯಾಕಿ.
ನಗಬ್ಯಾಡ್ರಿ. ಹರ್ಬೇರಿಯಮ್ಮಿನ ಮೂರನೇ ಕೋಣ್ಯಾಗ
ಒಣಗಿದ ಬಳ್ಳಿ, ಬೇರು, ಚಪ್ಪಟ್ಯಾದ ಹೂವು
ದಪ್ಪನ ಹಾಳಿಗೆ ಕಟ್ಟೂದು ನನ್ನ ಕೆಲಸ.
ಗೋಂದು ಹಿಡೀಲಾರದ ಕಾಂಡಕ್ಕ ಸೂಜೀನ ಬೇಕು.
ಜತ್ತದಾಗ ಅವ್ವ ಕೌದಿ ಹೊಲಿಯೂ ಮುಂದ
ಕಲಿಸಿದ ಕೈ ಇದು: ಗಂಟು ಹಿಂದ ಇರಬೇಕು,
ಮುಂದ ಕಾಣಬಾರದು.

ಆಗಸ್ಟ್ ಕಡೀ ವಾರ ಒಂದು ಬಂತು
ಮರಾಠಿ ಪೇಪರಿನ ನಡುವ, ಕ್ರಿಕೆಟ್ ಸುದ್ದಿಗೆ ಅಂಟಿಕೊಂಡು.
ಕಂದೀಲಹೂವು.
ಬೆರಳುದ್ದ, ಹೊಟ್ಟಿ ಉಬ್ಬಿದ ಕೊಳವಿ,
ಮ್ಯಾಲ ಐದು ಎಸಳು ತುದಿ ಕೂಡಿ ಗೂಡಾಗ್ಯಾವ.
ಸಣ್ಣ ನೊಣ ಒಳಗ ಇಳದ್ರ
ಒಂದು ರಾತ್ರಿ ಹೊರಗ ಬರೂದಿಲ್ಲಂತ.
ಒಳಗಿನ ಕೂದಲ ಕೆಳಗ ಬಾಗಿ ಬಾಗಲ ಕಾಯ್ತಾವ.
ಮರದಿನ ಅವೇ ಬಾಡಿ ದಾರಿ ಬಿಡ್ತಾವ,
ನೊಣದ ಮೈಗೆ ಒಂದು ಚೂರು ಹಳದಿ ಅಂಟಿಸಿ.

ಗುಡ್ಡದ ಮ್ಯಾಲ ಎಂಟು ಇದ್ವಂತ.
ಒಂದನ್ನ ಗಡ್ಡಿ ಸಮೇತ ಕಿತ್ತು ತಂದಾರ,
ಎಂಟು ಇದ್ವು ಅಂತ ಜಗತ್ತಿಗೆ ತೋರಸಾಕ.
ಈಗ ಏಳು.
ಈ ಲೆಕ್ಕ ಯಾರೂ ಬರಕೊಳ್ಳಲಿಲ್ಲ.

ಮಂಗಳವಾರ ಸಭಾ. ಚಹಾ ಒಯ್ದಾಕಿ
ಬಾಗಲ ಹಂತೇಲೆ ನಿಂತೆ.
ಬೇಲಿ ಹಾಕೂಣು, ತಂತೀದು, ಮುಳ್ಳಿಂದು,
ಅಂದ್ರು ಅರಣ್ಯಖಾತೆಯ ಮೋಕಾಶಿ ಸಾಹೇಬ್ರು.
ಬೇಲಿ ಯಾಕ, ಅಂದ ಪ್ರಯೋಗಶಾಲೆಯ ಹುಡುಗ,
ನನ್ನ ಗಾಜಿನ ಬಾಟ್ಲ್ಯಾಗ ನಾಲ್ಕನೂರು ಅದಾವ,
ಕಾತ್ರಜದ ನರ್ಸರ್ಯಾಗ ಕುಂಡಿಗೊಂದು ಮಾರೂಣು,
ಮನಿಮನಿ ಬಾಲ್ಕನ್ಯಾಗ ಇದ್ದದ್ದು ಅಳಿಯೂದು ಹೆಂಗ?
ಉಪಾಸನಿ ಬಾಯಿ ಕನ್ನಡಕ ತಗದು ಒರಸಿದ್ರು:
"ಬಾಟ್ಲ್ಯಾಗ ನೊಣ ಅದಾವೇನು?"
ಯಾರೂ ಮಾತಾಡಲಿಲ್ಲ.
ನನ್ನ ಚಹಾದ ಕಪ್ಪಿನ ಮ್ಯಾಲ ಒಂದಿತ್ತು.

ಕುರ್ಚಿ ತುದೀಗೆ ಕುಂತಿದ್ಳು ಠಕೂಬಾಯಿ ಢೇಬೆ,
ಅದೇ ಗುಡ್ಡದಾಗ ಎಮ್ಮಿ ಕಾಯಾಕಿ.
ಸೆರಗಿನ ತುದಿ ಸುತ್ತಿಗೋತ, ಬಿಚ್ಚಿಗೋತ ಅಂದ್ಳು:
ಹಿಂದಿನ ಸಲಾನೂ ಬೇಲಿ ಹಾಕಿದ್ರಿ.
ಎಮ್ಮಿ ಒಳಗ ಹೋಗಲಿಲ್ಲ. ಹುಲ್ಲು ನನ್ನ ಸೊಂಟಕ್ಕ ಬಂತು.
ಕಂದೀಲಿಗೆ ಬಿಸಲು ಎಲ್ಲಿಂದ ಬರಬೇಕು?
ಹೊರಗಿನವು ಉಳದಾವ, ಒಳಗಿನವು ಹೋದವು.
ಆಮ್ಯಾಲ, ಯಾರೂ ಕೇಳದನ:
ಸಣ್ಣಾಕಿದ್ದಾಗ ನಾವೂ ಆ ಗಡ್ಡಿ ತಿಂದೀವಿ.
ಸಿಹಿ ಇರ್ತಿತ್ತು. ಸುಳ್ಳು ಯಾಕ ಹೇಳ್ಲಿ.

ಜಾಗಾ ಹೇಳಬೇಕೋ ಬ್ಯಾಡೋ, ಅದೊಂದು ಬಾಕಿ ಇತ್ತು.
ಹೇಳಿದ್ರ, ಚೀಲ ಹಿಡಕೊಂಡು ಬರ್ತಾರ
ಕುಂಡಿ ಹುಚ್ಚಿನವರು.
ಹೇಳದಿದ್ರ, ಖಡಿ ಮಷೀನಿನವರು ಬಂದು
"ಕಾಗದದಾಗ ಇಲ್ಲೇನೂ ಇಲ್ಲಲ್ಲ" ಅಂತ ಸುರಂಗ ಇಡ್ತಾರ.
ಐದು ಗಂಟೇ ತನಕ ಇದ.
ಠರಾವು: ಮುಂದಿನ ತಿಂಗಳು ಮತ್ತ ಕೂಡೂದು.
ಠಕೂಬಾಯಿಗೆ ಬಸ್ ಖರ್ಚು ಕೊಡಾಕ
ರಸೀದಿ ಬುಕ್ಕು ಸಿಗಲಿಲ್ಲ.

ಸಂಜೀಕ ಲೇಬಲ್ ನನ್ನ ಕೈಗೆ ಬಂತು.
ಮೊದಲನೇ ಗೆರಿ ಕುಲ, ಎರಡನೇದು ಜಾತಿ.
(ಈ ಊರಿಗೆ ಬಂದ ಹೊಸದಾಗ
ನನಗೂ ಎಲ್ಲಾ ಫಾರ್ಮಿನ್ಯಾಗ ಇವೇ ಕೇಳಿದ್ರು.)
ತಾರೀಖು. ಕಿತ್ತವರ ಹೆಸರು.
ಸ್ಥಳದ ಮುಂದ ಪೆನ್ಸಿಲಿನ ಗೀಟು.
"ಖಾಲಿ ಬಿಡು, ಭೌರವ್ವ," ಅಂದ್ರು ಬಾಯಿ,
ಅಂದವರು ಕಿಡಕಿ ಕಡೆ ನೋಡಿದ್ರು.

ಸೂಜಿ ಪೋಣಿಸಿದೆ.
ಹೂವಿನ ಹೊಟ್ಟಿ ಮ್ಯಾಲ ದಾರ ತರೂವಾಗ
ಹಾಳಿ ಎತ್ತಿ ಲೈಟಿಗೆ ಹಿಡದೆ.
ಒಳಗ ಒಂದು ಕಪ್ಪು ಚುಕ್ಕಿ.
ರೆಕ್ಕಿನೂ ಇದ್ವು, ಕೂಡಿಸಿದ್ದು.
ಕೂದಲ ಇನ್ನೂ ಬಾಗಲ ಕಾಯ್ತಿದ್ವು.
ಬೆಳಗಾಗೂದರೊಳಗ ಕಿತ್ತಾರ.

ಅದಕ್ಕೊಂದು ಕಾಲಂ ಹುಡುಕಿದೆ. ಇಲ್ಲ.

ಗಂಟು ಈ ಸಲ ಮುಂದ ಬಿತ್ತು.
ಬಿಚ್ಚಲಿಲ್ಲ.